ರಬ್ಬರಿನಂಥ ಮೈ ಮತ್ತು ಒಂದು ಸಡಿಲ ಕೀಲು

ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಕಿವಿಯ ಹತ್ತಿರಕ್ಕೆ ಎಳೆದುಕೊಳ್ಳಬಲ್ಲ ಹುಡುಗಿ ಎಂದು ನಮ್ಮ ಖೋ ಖೋ ತಂಡದಲ್ಲಿ ನನಗೊಂದು ಹೆಸರಿತ್ತು. ಅಫಜಲಪುರ ತಾಲ್ಲೂಕಿನ ನಮ್ಮೂರಿನಿಂದ ಕಲಬುರಗಿಯ ಕಾಲೇಜಿಗೆ ಬಂದ ಮೊದಲ ವಾರವೇ ದೈಹಿಕ ಶಿಕ್ಷಣದ ಸರ್ ಉಳಿದವರ ಮುಂದೆ ನನ್ನನ್ನು ನಿಲ್ಲಿಸಿ, ಮೊಣಕಾಲು ಮಡಿಸದೆ ಎರಡೂ ಅಂಗೈಗಳನ್ನು ನೆಲಕ್ಕೆ ಊರಲು ಹೇಳಿ, “ನೋಡ್ರಿ, ಆಟಗಾರರ ಮೈ ಅಂದ್ರ ಹಿಂಗ ರಬ್ಬರಿನಂಗ ಇರಬೇಕು” ಎಂದಿದ್ದರು. ಆ ಹೊಗಳಿಕೆಯ ಉಬ್ಬಿನಲ್ಲೇ ಮೂರು ವರ್ಷ ಆಡಿದೆ. ಅದೇ ಗುಣ ನನ್ನ ಬಲ ಸೊಂಟದ ಕೀಲನ್ನು ಒಳಗಿಂದೊಳಗೇ ಕೆಡಿಸುತ್ತಿದೆ ಎಂಬುದನ್ನು ಪತ್ತೆಹಚ್ಚಲು ಐದು ತಿಂಗಳು ಬೇಕಾದವು. ಚಿಕಿತ್ಸೆ ಮುಗಿಸಿ ಮತ್ತೆ ಅಂಗಳಕ್ಕಿಳಿಯಲು ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ನೋವು ಮೊದಲು ಕಾಣಿಸಿದ್ದು 2022ರ ಆಗಸ್ಟ್‌ನಲ್ಲಿ, ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಅಭ್ಯಾಸದ ವೇಳೆ. ಚೇಸಿಂಗ್ ಸರದಿಯಲ್ಲಿ ನನ್ನ ಜಾಗ ಕಂಬದ ಪಕ್ಕದ್ದು. ಖೋ ಖೋ ಆಡದವರಿಗೆ ಈ ಚಲನೆಯನ್ನು ತುಸು ಬಿಡಿಸಿ ಹೇಳಬೇಕು. ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬದವರೆಗೆ ಬದಲಿಸುವಂತಿಲ್ಲ. ಆದ್ದರಿಂದ ರನ್ನರ್ ಕಂಬ ದಾಟಿ ಆಚೆಗೆ ನುಸುಳಿದಳೆಂದರೆ, ನಾವು ಪೂರ್ಣ ವೇಗದಲ್ಲಿ ಬಂದು, ಒಂದು ಕೈಯಲ್ಲಿ ಕಂಬ ಹಿಡಿದು, ಒಂದೇ ಪಾದವನ್ನು ಊರಿ, ಇಡೀ ಮೈಯನ್ನು ಆ ಕಾಲಿನ ಮೇಲೆ ತಿರುಗಿಸಬೇಕು. ಆಗ ಊರಿದ ಕಾಲು ಹಿಂದಕ್ಕೆ ಚಾಚಿಕೊಂಡಿರುತ್ತದೆ, ತೊಡೆಯ ಎಲುಬು ತನ್ನ ಗೂಡಿನೊಳಗೆ ಹೊರಮುಖವಾಗಿ ಹೊರಳಿರುತ್ತದೆ. ಆ ದಿನ ಹಾಗೆ ತಿರುಗುವಾಗ ಬಲ ತೊಡೆಸಂದಿಯ ಆಳದಲ್ಲಿ ಏನೋ ಟಕ್ಕೆಂದಿತು. ನಾನು ಬೀಳಲಿಲ್ಲ, ಒಂದು ಗಳಿಗೆ ಕಾಲು ಕೈಬಿಟ್ಟಂತಾಗಿ, ಮರುಹೆಜ್ಜೆಗೆ ಸರಿಹೋಯಿತು. ಆಟ ಮುಗಿಸಿ, ಮನೆಗೆ ಹೋಗಿ, ಊಟ ಮಾಡಿ ಏಳುವಾಗ ನೋವು ಹಿಡಿದುಕೊಂಡಿತು.

ಆಮೇಲೆ ಅದು ತನ್ನದೇ ಒಂದು ಪದ್ಧತಿ ಮಾಡಿಕೊಂಡಿತು. ಓಡುವಾಗ ನೋಯದು, ಓಡಿ ನಿಂತ ಮೇಲೆ ನೋಯುವುದು. ಚೌಕದಲ್ಲಿ ಕೂತು ಖೋ ಸಿಕ್ಕಾಗ ಏಳುವ ಮೊದಲ ಹೆಜ್ಜೆಯಲ್ಲಿ ಚುಚ್ಚುವುದು. ಆಟೋದಿಂದ ಒಂದು ಕಾಲು ಹೊರಗಿಟ್ಟು ಇಳಿಯುವಾಗ ಟಕ್ಕೆನ್ನುವುದು. ತೊಡೆಯ ಮುಂಭಾಗ ಸದಾ ಬಿಗಿದಂತೆ ಅನ್ನಿಸುತ್ತಿದ್ದುದೇ ನಮ್ಮೆಲ್ಲರನ್ನೂ ದಾರಿ ತಪ್ಪಿಸಿತು. ಬಿಗಿದಿದೆ ಎಂದರೆ ಎಳೆಯಬೇಕು ಎಂಬುದು ಅಂಗಳದ ಬುದ್ಧಿ. ಸರ್ ಹೇಳಿದಂತೆ ದಿನಕ್ಕೆ ಎರಡು ಹೊತ್ತು, ಒಂದು ಮೊಣಕಾಲನ್ನು ನೆಲಕ್ಕೂರಿ ಸೊಂಟವನ್ನು ಮುಂದಕ್ಕೆ ದೂಡುವ ಸ್ಟ್ರೆಚ್ ಮಾಡಿದೆ. ಮಾಡಿದ ಹತ್ತು ನಿಮಿಷ ಹಗುರ, ಮರುದಿನ ಹೆಚ್ಚಿನ ನೋವು. ಊರಿಗೆ ಹೋದಾಗ ಅವ್ವ ನರ ತಿಕ್ಕುವ ಅಜ್ಜನ ಬಳಿಗೆ ಕರೆದೊಯ್ದಳು. ಅವನು ಎಣ್ಣೆ ಹಚ್ಚಿ, “ಟೊಂಕದ ನರ ಹೊರಳ್ಯಾದ, ಕೂಡಿಸ್ತೀನಿ ತಡಿ” ಎಂದು ಕಾಲನ್ನು ಹಿಡಿದು ಜಗ್ಗಿದ ರಭಸಕ್ಕೆ ಮೂರು ದಿನ ಕುಂಟಿದೆ. ನಗರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಎಲುಬು ಸರಿಯಾಗಿದೆ ಎಂದರು. ಇನ್ನೊಂದು ಕಡೆ ಬೆನ್ನಿನ ಎಂಆರ್‌ಐ ಮಾಡಿಸಿದರು. ಕೆಳಬೆನ್ನಿನ ಒಂದು ಡಿಸ್ಕ್ ತುಸು ಉಬ್ಬಿದೆ ಎಂದು ಬಂತು. ಅಂಥ ಉಬ್ಬು ನೋವೇ ಇಲ್ಲದ ಎಷ್ಟೋ ಮಂದಿಯ ಬೆನ್ನಿನಲ್ಲೂ ಕಾಣುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆರು ವಾರ ಬೆನ್ನಿಗೆ ಔಷಧ ನುಂಗಿದೆ. ಅಷ್ಟರಲ್ಲಿ ಡಿಸೆಂಬರ್ ಮುಗಿದಿತ್ತು.

ಜನವರಿಯಲ್ಲಿ ತಂಡದ ಹಿರಿಯ ಅಕ್ಕನೊಬ್ಬಳು ತನ್ನ ಮೊಣಕಾಲಿಗೆ ಚಿಕಿತ್ಸೆ ಪಡೆದಿದ್ದ ಫಿಸಿಯೋಥೆರಪಿಸ್ಟ್ ಮೇಡಂ ಬಳಿಗೆ ನನ್ನನ್ನು ಕಳಿಸಿದಳು. ಅವರು ಮೊದಲಿಗೆ ಹಳೆಯ ವರದಿಗಳನ್ನು ಮುಟ್ಟಲೇ ಇಲ್ಲ. “ಎಲ್ಲಿ ನೋಯ್ತದ, ಬೆರಳಿಟ್ಟು ತೋರ್ಸವಾ” ಎಂದರು. ಬೆರಳಿಡಲು ಆಗಲಿಲ್ಲ, ಏಕೆಂದರೆ ನೋವು ಒಂದು ಚುಕ್ಕೆಯಲ್ಲಿರಲಿಲ್ಲ. ಕೊಡದ ಕೊರಳು ಹಿಡಿದಂತೆ ಹೆಬ್ಬೆರಳನ್ನು ಹಿಂದೆಯೂ ಉಳಿದ ಬೆರಳುಗಳನ್ನು ಮುಂದೆಯೂ ಮಾಡಿ ಇಡೀ ಕೀಲನ್ನೇ ಹಿಡಿದು ತೋರಿಸಿದೆ. ಅವರು ತಲೆದೂಗಿದರು. ನೋವು ಕೀಲಿನ ಒಳಗಿದ್ದವರು ಹೆಚ್ಚಾಗಿ ಹೀಗೆಯೇ ತೋರಿಸುತ್ತಾರಂತೆ.

ಆಮೇಲೆ ಅವರು ನನ್ನ ಬೆರಳುಗಳಿಗೆ ಬಂದದ್ದು ವಿಚಿತ್ರವೆನಿಸಿತು. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ಮೀರಿ ಬಾಗುತ್ತದೆಯೇ, ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಮತ್ತು ಮೊಣಕಾಲು ನೇರಗೆರೆಯನ್ನು ದಾಟಿ ಹಿಂದಕ್ಕೆ ಹೋಗುತ್ತವೆಯೇ, ಅಂಗೈ ನೆಲಕ್ಕೆ ಮುಟ್ಟುತ್ತದೆಯೇ ಎಂದು ನೋಡಿ ಒಂಬತ್ತಕ್ಕೆ ಅಂಕ ಕೊಡುವ ಈ ಲೆಕ್ಕಕ್ಕೆ ಬೇಟನ್ ಸ್ಕೋರ್ ಎನ್ನುತ್ತಾರೆ. ನನಗೆ ಏಳು ಬಂತು. ಮೊಣಕಾಲುಗಳೆರಡೇ ಹಿಂದಕ್ಕೆ ಬಾಗಲಿಲ್ಲ. ದೊಡ್ಡವರಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೈಯ ಕೀಲುಗಳೆಲ್ಲ ಸಡಿಲವೆಂದು ಅರ್ಥ. ಸಡಿಲತನವೇ ರೋಗವಲ್ಲ, ಅದರೊಡನೆ ನೋವೂ ಬಂದಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅವರು ಆಗಲೇ ಹೇಳಿದ್ದರು.

ನಂತರದ ಪರೀಕ್ಷೆಗಳಲ್ಲಿ ಕೈಯ ಕೆಲಸವೇ ಎಲ್ಲ. ಅಂಗಾತ ಮಲಗಿಸಿ, ಎರಡೂ ಪಾದಗಳನ್ನು ಒಳಕ್ಕೆ ಹೊರಳಿಸಿ ಬಿಟ್ಟರು. ಎಡಪಾದ ಒಂದಿಷ್ಟು ಹೊರಕ್ಕೆ ವಾಲಿ ಎಲ್ಲೋ ತಡೆದು ನಿಂತಿತು. ಬಲಪಾದ ಮಾತ್ರ ತಡೆಯೇ ಇಲ್ಲದೆ, ಅಗಳಿ ಹಾಕದ ಕದದಂತೆ, ಹಾಸಿಗೆಯವರೆಗೂ ತೆರೆದುಕೊಂಡಿತು. ನಾನೇ ಕತ್ತೆತ್ತಿ ಅದನ್ನು ನೋಡಿದೆ. ಬಳಿಕ ನನ್ನನ್ನು ಮಂಚದ ಅಂಚಿಗೆ ಸರಿಸಿ, ಎಡ ಮೊಣಕಾಲನ್ನು ಎದೆಗೆ ಅವಚಿಕೊಳ್ಳಲು ಹೇಳಿ, ಬಲಗಾಲನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಕಂಬದ ಬಳಿ ಬಂದ ಅದೇ ನೋವು, ಅದೇ ಜಾಗದಲ್ಲಿ, ಅದೇ ಹೆದರಿಕೆಯೊಂದಿಗೆ ಬಂತು. ಕೈಯಿಂದ ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದೆ. ಬೋರಲು ಮಲಗಿಸಿ ತೊಡೆಯೆಲುಬಿನ ಮೇಲ್ಭಾಗವನ್ನು ಹಿಂದಿನಿಂದ ಮುಂದಕ್ಕೆ ಒತ್ತಿದಾಗಲೂ ಹಾಗೆಯೇ ಆಯಿತು. ಬಲಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದಾಗ ಎಡಗಡೆಯ ಟೊಂಕ ಕೆಳಗೆ ಜೋತುಬಿತ್ತು. ಆಗ ಮೇಡಂ ಹೇಳಿದ ಮಾತು: “ಇಷ್ಟು ದಿನ ಬಿಗಿ ಆಗ್ಯಾದಂತ ಎಳೀಲತ್ತೀರಿ. ಇದು ಬಿಗಿ ಅಲ್ಲ, ಸಡ್ಲ ಅದ. ಸಡ್ಲ ಆದ ಕೀಲ ಬಿಟ್ಟೋಗಬಾರ್ದಂತ ಮುಂದಿನ ಸ್ನಾಯು ಹಗಲು ರಾತ್ರಿ ಅದನ್ನ ಹಿಡ್ಕೊಂಡು ಕುಂತದ. ನೀವು ಅದನ್ನೇ ಎಳ್ದು ಎಳ್ದು ಬಿಡಿಸ್ಲತ್ತೀರಿ.”

ಸೊಂಟದ ಕೀಲು ಚೆಂಡು ಬಟ್ಟಲಿನಲ್ಲಿ ಕುಳಿತಂಥದ್ದು ಎಂದು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಅದನ್ನು ಅಲ್ಲಿಯೇ ಹಿಡಿದಿಡುವುದು ಎಲುಬಿನ ಆಕಾರವೊಂದೇ ಅಲ್ಲ. ಬಟ್ಟಲಿನ ಅಂಚಿನುದ್ದಕ್ಕೂ ಲೇಬ್ರಮ್ ಎಂಬ ಮೆದ್ದೆಲುಬಿನಂಥ ಉಂಗುರವಿದ್ದು, ಅದು ಚೆಂಡಿನ ಸುತ್ತ ಗಾಳಿಯಾಡದಂತೆ ಕಚ್ಚಿಕೊಂಡು ಒಳಗಿನ ದ್ರವವನ್ನು ಸೋರಗೊಡದೆ ಒಂದು ಬಗೆಯ ಹೀರುಹಿಡಿತವನ್ನು ಉಂಟುಮಾಡುತ್ತದೆ. ಅದರ ಮೇಲೆ ಕ್ಯಾಪ್ಸೂಲ್ ಎಂಬ ದಪ್ಪ ಚೀಲವಿದೆ. ಚೀಲದ ಮುಂಭಾಗವನ್ನು ಬಲಪಡಿಸುವ ಇಲಿಯೋಫೆಮೋರಲ್ ಲಿಗಮೆಂಟು, ಅಂದರೆ ಎಲುಬಿಗೆ ಎಲುಬನ್ನು ಬಿಗಿಯುವ ನಾರಿನ ಪಟ್ಟಿ, ಮನುಷ್ಯದೇಹದ ಲಿಗಮೆಂಟುಗಳಲ್ಲೇ ಅತಿ ಗಟ್ಟಿಯಾದದ್ದು. ಕಾಲು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿದಾಗ ಚೆಂಡು ಮುಂದಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ. ಹುಟ್ಟಿನಿಂದಲೇ ಸಡಿಲವಾದ ನನ್ನ ಚೀಲವನ್ನು ವರ್ಷಗಟ್ಟಲೆ ಕಂಬ ಸುತ್ತಿಸಿ ಇನ್ನಷ್ಟು ಸಡಿಲಿಸಿದ್ದೆ. ಚೆಂಡು ಗೂಡಿನಿಂದ ಹೊರಬೀಳುತ್ತಿರಲಿಲ್ಲ, ಒಳಗೇ ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಹಾಗೆ ಅಲುಗಿದಾಗಲೆಲ್ಲ ಅಂಚಿನ ಉಂಗುರವನ್ನು ಜಜ್ಜುತ್ತಿತ್ತು. ಇದನ್ನು ಮೈಕ್ರೋ ಇನ್‌ಸ್ಟೆಬಿಲಿಟಿ, ಸೂಕ್ಷ್ಮ ಅಸ್ಥಿರತೆ, ಎನ್ನುತ್ತಾರೆ.

ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಕೀಲು ತಪ್ಪಿದೆ ಎಂದೇ ತಿಳಿದು ಗಾಬರಿಯಾದರು. ಕೀಲು ಪೂರ್ತಿ ತಪ್ಪುವುದು ಬೇರೆಯೇ ಸಂಗತಿ. ಅಂಥವರಿಗೆ ನಿಲ್ಲಲೂ ಆಗದು. ಎಲುಬಿನ ತಲೆಗೆ ಹೋಗುವ ರಕ್ತ ನಿಂತುಹೋಗುವ ಭಯವಿರುವುದರಿಂದ ಆರು ಗಂಟೆಗಳೊಳಗೆ ಅದನ್ನು ಕೂಡಿಸಬೇಕೆನ್ನುತ್ತಾರೆ. ಅಮೆರಿಕದ ಬೋ ಜಾಕ್ಸನ್ ಎಂಬ ಆಟಗಾರನಿಗೆ 1991ರಲ್ಲಿ ಆಗಿದ್ದು ಅದು. ಎಲುಬು ಸತ್ತು ಕೊನೆಗೆ ಕೃತಕ ಕೀಲು ಹಾಕಿಸಿಕೊಳ್ಳಬೇಕಾಯಿತು. ನನ್ನದು ಅದಲ್ಲ ಎಂದು ಅಪ್ಪನಿಗೆ ಒಪ್ಪಿಸಲು ಮೂರು ಫೋನು ಬೇಕಾದವು.

ಸ್ಟ್ರೆಚ್ ಎಲ್ಲವೂ ಆ ದಿನವೇ ನಿಂತಿತು. ಅದರ ಬದಲಿಗೆ ಬಂದ ವ್ಯಾಯಾಮಗಳು ನೋಡಲು ಸಪ್ಪೆ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಒಂಟಿಗಾಲಿನ ಮೇಲೆ ಟೊಂಕ ಎತ್ತಿ ಹಿಡಿಯುವುದು, ಮೊಣಕಾಲಿನ ಮೇಲೆ ರಬ್ಬರ್ ಪಟ್ಟಿ ಹಾಕಿಕೊಂಡು ಏಡಿಯಂತೆ ಅಡ್ಡಡ್ಡ ನಡೆಯುವುದು, ಒಂದು ಮೊಣಕೈ ಊರಿ ಪಕ್ಕಕ್ಕೆ ಮೈಯನ್ನು ನೇರವಾಗಿ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್. ಲಿಗಮೆಂಟನ್ನು ವ್ಯಾಯಾಮದಿಂದ ಗಿಡ್ಡಮಾಡಲು ಬರುವುದಿಲ್ಲ. ಹಿಂಬದಿಯ ಮತ್ತು ಪಕ್ಕದ ಸ್ನಾಯುಗಳಿಗೆ ಅದರ ಕೆಲಸವನ್ನು ಕಲಿಸಬಹುದು, ಅಷ್ಟೇ. ಶುರುವಿನಲ್ಲಿ ಸೈಡ್ ಪ್ಲ್ಯಾಂಕ್ ಬಲಗಡೆ 11 ಸೆಕೆಂಡ್ ನಿಂತಿತು. ಜಿಲ್ಲೆಯ ತಂಡಕ್ಕೆ ಆಡಿದವಳಿಗೆ 11 ಸೆಕೆಂಡ್! ಮಾರ್ಚ್ ಕೊನೆಯ ಹೊತ್ತಿಗೆ ಅದು ಒಂದು ನಿಮಿಷಕ್ಕೆ ಬಂದಿತ್ತು, ನಡಿಗೆಯ ನೋವು ಮುಕ್ಕಾಲು ಪಾಲು ಇಳಿದಿತ್ತು. ಬಹಳ ಮಂದಿಗೆ ಇಷ್ಟರಲ್ಲೇ ಮುಗಿಯುತ್ತದೆ ಎಂದು ಮೇಡಂ ಹೇಳುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ. ಆದರೆ ಮೂರೂವರೆ ತಿಂಗಳ ಬಳಿಕವೂ ತಿರುಗುವ ಹೆಜ್ಜೆಯಲ್ಲಿ ಟಕ್ಕೆನ್ನುವುದೂ ಅದರ ಹಿಂದೆಯೇ ಚುಚ್ಚುವುದೂ ಹೋಗಲಿಲ್ಲವಾದ್ದರಿಂದ, ಅವರೇ ಹೈದರಾಬಾದಿನ ಒಬ್ಬ ಶಸ್ತ್ರವೈದ್ಯರಿಗೆ ಚೀಟಿ ಬರೆದುಕೊಟ್ಟರು.

ಏಪ್ರಿಲ್ ಕೊನೆಯಲ್ಲಿ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಅಪ್ಪನೂ ನಾನೂ ಹೋದೆವು. ಅಲ್ಲಿ ಎಕ್ಸ್‌ರೇಯನ್ನು ಹೊಸದಾಗಿ ನಿಲ್ಲಿಸಿ ತೆಗೆದರು, ಮತ್ತು ಅದರ ಮೇಲೆ ಸ್ಕೇಲಿಟ್ಟು ಕೋನ ಅಳೆದರು. ಬಟ್ಟಲು ಚೆಂಡನ್ನು ಮೇಲಿನಿಂದ ಎಷ್ಟು ಮುಚ್ಚಿದೆ ಎಂದು ತೋರಿಸುವ ಈ ಅಳತೆಯನ್ನು 1939ರಲ್ಲಿ ಸ್ವೀಡನ್ನಿನ ವೈದ್ಯ ವೀಬರ್ಗ್ ವಿವರಿಸಿದರು. 25 ಡಿಗ್ರಿಗಿಂತ ಮೇಲಿದ್ದರೆ ಸರಿ, 20ಕ್ಕಿಂತ ಕಡಿಮೆಯಾದರೆ ಬಟ್ಟಲು ಆಳವಿಲ್ಲ. ನನ್ನದು 22. ಎಲುಬು ಮುರಿದಿದೆಯೇ ಎಂದಷ್ಟೇ ನೋಡುವ ಕಣ್ಣಿಗೆ ಈ 22 ಕಾಣುವುದಿಲ್ಲ, ಹಾಗಾಗಿ ಮೊದಲ ಆಸ್ಪತ್ರೆಯವರು ‘ಸರಿಯಾಗಿದೆ’ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಆದರೂ ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಕೀಲಿನೊಳಗೆ ಬಣ್ಣದ ದ್ರವ ತುಂಬಿ ಎಂಆರ್‌ಐ ತೆಗೆದಾಗ ಲೇಬ್ರಮ್ಮಿನ ಮುಂಭಾಗ ಹರಿದಿರುವುದು ಸ್ಪಷ್ಟವಾಗಿ ಕಂಡಿತು. ಅದೇ ಸೂಜಿಯಲ್ಲಿ ಮರಗಟ್ಟಿಸುವ ಔಷಧವನ್ನೂ ಕೊಟ್ಟಿದ್ದರು. ಅರ್ಧ ಗಂಟೆ ಬಿಟ್ಟು ಮೆಟ್ಟಿಲು ಹತ್ತಿಳಿದು, ಒಂಟಿಗಾಲಲ್ಲಿ ತಿರುಗಿ ನೋಡಲು ಹೇಳಿದರು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಏನೂ ನೋಯಲಿಲ್ಲ. ಸಂಜೆಗೆ ಔಷಧದ ಪ್ರಭಾವ ಇಳಿದು ನೋವು ಮರಳಿತು. ಅದು ಕೀಲಿನೊಳಗಿನದೇ, ಬೆನ್ನಿನದಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲ.

ಮುಂದಿನ ದಾರಿಯ ಬಗ್ಗೆ ವೈದ್ಯರು ಅವಸರ ಮಾಡಲಿಲ್ಲ. ಬಟ್ಟಲು ತೀರ ಆಳವಿಲ್ಲದವರಿಗೆ ಅದರ ಸುತ್ತಲಿನ ಎಲುಬನ್ನೇ ಕತ್ತರಿಸಿ, ತಿರುಗಿಸಿ, ಸ್ಕ್ರೂ ಹಾಕಿ ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆಯಿದೆ. 1984ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಟ್ಸ್ ಅದನ್ನು ಆರಂಭಿಸಿದರು. ನನ್ನ 22 ಡಿಗ್ರಿ ಗಡಿಯ ಮೇಲಿನದಾದ್ದರಿಂದ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಲೇಬ್ರಮ್ಮನ್ನು ಹೊಲಿದು, ಸಡಿಲ ಚೀಲವನ್ನು ನೆರಿಗೆ ಹಿಡಿದು ಬಿಗಿಗೊಳಿಸುವುದು ಸಾಕೆಂದರು. ಇದಕ್ಕೂ ಮುಂಚೆ ಬೇರೊಬ್ಬರು, ಟಕ್ಕೆನ್ನುವ ಸ್ನಾಯುರಜ್ಜುವನ್ನು ಕತ್ತರಿಸಿ ಸಡಿಲಿಸಿದರೆ ಸದ್ದು ನಿಲ್ಲುತ್ತದೆ ಎಂದಿದ್ದರು. ಅದರ ಬಗ್ಗೆ ಈ ವೈದ್ಯರನ್ನು ಕೇಳಿದೆ. ಕೀಲನ್ನು ಮುಂಭಾಗದಲ್ಲಿ ಹಿಡಿದಿರುವ ಕೊನೆಯ ಕಾವಲುಗಾರ ಅದೇ, ಅದನ್ನು ಕತ್ತರಿಸಿದರೆ ಸದ್ದು ನಿಂತೀತು, ಅಸ್ಥಿರತೆ ಹೆಚ್ಚೀತು ಎಂದರು. ಆ ವರ್ಷದ ತೊಗರಿ ಮಾರಿ ಬಂದ ಹಣದಿಂದ ಮೇ ತಿಂಗಳ ಎರಡನೆಯ ವಾರ ಶಸ್ತ್ರಚಿಕಿತ್ಸೆ ಆಯಿತು. ಕ್ಯಾಮೆರಾ ಒಳಹೋಗಲು ಜಾಗವಾಗುವಂತೆ ಕಾಲನ್ನು ಯಂತ್ರದಿಂದ ಎಳೆದು ಚೆಂಡನ್ನು ಬಟ್ಟಲಿನಿಂದ ಸ್ವಲ್ಪ ಬಿಡಿಸುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಸಾಕಷ್ಟು ಬಲ ಬೇಕು. ನನ್ನದು ಅರೆಬರೆ ಎಳೆತಕ್ಕೇ ತೆರೆದುಕೊಂಡಿತೆಂದು ಮರುದಿನ ಹೇಳಿದರು.

ಕಲಬುರಗಿಯ ಮೇ ತಿಂಗಳಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಲಗುವುದು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾಲು ಹಿಂದಕ್ಕೆ ಹೋಗಬಾರದು, ಪಾದ ಹೊರಕ್ಕೆ ತಿರುಗಬಾರದು, ಹೊಲಿದ ಚೀಲ ಮತ್ತೆ ಸಡಿಲಬಾರದು. ರಾತ್ರಿ ಎರಡೂ ಪಾದಗಳನ್ನು ಜೋಡಿಸಿ ಕಟ್ಟುತ್ತಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಊಟಕ್ಕೂ ಶೌಚಕ್ಕೂ ಹೊಸ ಏರ್ಪಾಡು ಬೇಕು. ಅಪ್ಪ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತಂದರು. ನಾಲ್ಕು ವಾರ ಬಲಗಾಲಿನ ಮೇಲೆ 10 ಕಿಲೋಗಿಂತ ಹೆಚ್ಚು ಭಾರ ಬೀಳಬಾರದೆಂದು ಹೇಳಿ ಕಳಿಸಿದ್ದರು, ಆದರೆ 10 ಕಿಲೋ ಎಂದರೆ ಕಾಲಿಗೆ ಹೇಗೆ ತಿಳಿಯಬೇಕು? ಅಪ್ಪ ತೊಗರಿ ತೂಗುವ ಕಾಟಾವನ್ನು ಪಡಸಾಲೆಗೆ ತಂದಿಟ್ಟರು. ಎರಡೂ ಊರುಗೋಲುಗಳ ಮೇಲೆ ನಿಂತು ಬಲಪಾದವನ್ನು ಅದರ ಮೇಲೆ ಮೆಲ್ಲಗೆ ಒತ್ತುತ್ತಾ, ಕೆಂಪು ಅಂಕೆ 9ರಿಂದ 10ಕ್ಕೆ ಬಂದಾಗ ನಿಲ್ಲಿಸುವುದನ್ನು ಬೆಳಿಗ್ಗೆ ಸಂಜೆ ಮಾಡಿದೆ. ಒಂದು ವಾರಕ್ಕೆ ಪಾದ ಆ ಭಾರವನ್ನು ಕಂಠಪಾಠ ಮಾಡಿಕೊಂಡಿತು. ಅವ್ವ ಅಂಕೆಯನ್ನು ಸೆರಗಿನಿಂದ ಮುಚ್ಚಿ ನನ್ನನ್ನು ಪರೀಕ್ಷಿಸುತ್ತಿದ್ದಳು.

ಆರನೆಯ ವಾರಕ್ಕೆ ಊರುಗೋಲು ಪೂರ್ತಿ ಬಿಟ್ಟೆ. ಮಳೆಗಾಲವೆಲ್ಲ ಕಲಬುರಗಿಯಲ್ಲಿ ಅದೇ ಮೇಡಂ ಕೈಕೆಳಗೆ ಹಳೆಯ ಸಪ್ಪೆ ವ್ಯಾಯಾಮಗಳೇ ಮತ್ತೆ ಆರಂಭವಾದವು. ಸಂಜೆ ನಗರದ ‘ಅಪ್ಪನ ಕೆರೆ’ಯ ಬದಿಯಲ್ಲಿ ನಡಿಗೆ. ಐದನೆಯ ತಿಂಗಳಲ್ಲಿ ನೇರ ಓಟ, ಏಳನೆಯದರಲ್ಲಿ ತಿರುವುಗಳು. ಎಡಗಾಲಿನ ಒಂಟಿ ಜಿಗಿತದ ದೂರಕ್ಕೆ ಬಲಗಾಲಿನದು ಶೇಕಡಾ 90ರಷ್ಟು ಬರುವವರೆಗೆ ಆಟವಿಲ್ಲವೆಂದು ಮೇಡಂ ಹಟ ಹಿಡಿದರು. 2024ರ ಫೆಬ್ರುವರಿಯಲ್ಲಿ ಒಂದು ಸ್ಥಳೀಯ ಪಂದ್ಯದಲ್ಲಿ ರನ್ನರ್ ಆಗಿ ಇಳಿದೆ. ಕಂಬದ ಜಾಗವನ್ನು ನಾನೇ ಬಿಟ್ಟುಕೊಟ್ಟೆ. ಚಳಿಗಾಲದ ಬೆಳಗ್ಗೆ ಕೀಲು ಇನ್ನೂ ಒಮ್ಮೊಮ್ಮೆ ಬಿಗಿಯುತ್ತದೆ, ಆಗ ಎಳೆಯಬೇಕೆಂಬ ಆಸೆಯೂ ಬರುತ್ತದೆ. ಹತ್ತು ನಿಮಿಷ ನಡೆದು ಬರುತ್ತೇನೆ.

ಕಳೆದ ಜುಲೈಯಲ್ಲಿ ಕಾಲೇಜಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಅಂಗಳದಲ್ಲಿ ಎರಡೂ ಕಾಲು ಚಾಚಿ ನೆಲಕ್ಕೆ ಪೂರ್ತಿ ಅಂಟಿಕೊಂಡು ಕೂತಳು. ಸರ್ ಹೊಗಳಲು ಬಾಯಿ ತೆರೆದವರು, ನನ್ನ ಕಡೆ ನೋಡಿ, “ಇಕೀನ್ನ ಒಮ್ಮಿ ನೋಡಿ ಹೇಳವಾ” ಎಂದರು. ಅವಳ ಹೆಬ್ಬೆರಳು, ಕಿರುಬೆರಳು, ಮೊಣಕೈ, ಮೊಣಕಾಲು ನೋಡಿದೆ. ಒಂಬತ್ತಕ್ಕೆ ಎಂಟು. ಎಲ್ಲಾದರೂ ನೋವಿದೆಯೇ ಎಂದು ಕೇಳಿದ್ದಕ್ಕೆ, “ಏನೂ ಇಲ್ರಿ ಅಕ್ಕಾ” ಎಂದಳು. ಅವಳ ಅಭ್ಯಾಸದ ಚೀಟಿಯಿಂದ ಕಾಲು ಚಾಚುವುದನ್ನು ಹೊಡೆದುಹಾಕಿ, ಸೈಡ್ ಪ್ಲ್ಯಾಂಕ್ ಎಂದು ಬರೆದು, ಆಗಲೇ ಮಾಡಿಸಿದೆ. ಬಲಗಡೆ 14 ಸೆಕೆಂಡ್ ನಿಂತಳು.